ಕನ್ನಡಕ ನಡೆದು ಬಂದ ದಾರಿ

(ಬಾನುಲಿ ಭಾಷಣ)

ಕನ್ನಡಕವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಾನುಲಿಯ ಮಿತ್ರರು ಕೇಳಿದಾಗ, ನಾನು ಮೊದಲು ಮಾಡಿದ ಕೆಲಸವೆಂದರೆ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು ನೋಡಲು ಹೊರಟದ್ದು. ಸರಿಯಾಗಿ ಕಾಣಿಸಲಿಲ್ಲ. ಹತ್ತಿರದ ವಸ್ತುವನ್ನು ನೋಡಲು ನನಗೆ ಕನ್ನಡಕ ಬೇಕು. ಕನ್ನಡಕವನ್ನು ನೋಡುವುದಕ್ಕೂ ಕನ್ನಡಕವೇ ಬೇಕು! ಮೂಗಿನ ಮೇಲೆ ಕುಳಿತು ಜಗತ್ತನ್ನೆಲ್ಲ ತೋರಿಸುವ ಈ ವಸ್ತು ತನ್ನನ್ನು ಮಾತ್ರ ತೋರಿಸಿಕೊಳ್ಳುವುದಿಲ್ಲ. ಅದರ ಚರಿತ್ರೆಯನ್ನು ನಾವು ಕೇಳದೆ ಹೋಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ನಮ್ಮ ಹಿರಿಯರು ಇದನ್ನು ಚಾಳೀಸು ಎನ್ನುತ್ತಿದ್ದರು. 'ಅವರಿಗೆ ಚಾಳೀಸು ಬಂತು' ಎಂದರೆ ಪಂಚಾಂಗವನ್ನು ಕೈಚಾಚಿ ದೂರ ಹಿಡಿದು ಓದುವ ಕಾಲ ಬಂತು ಎಂದು ಅರ್ಥ. ಮರಾಠಿ, ಹಿಂದಿಗಳಲ್ಲಿ ನಲವತ್ತು ಎಂಬ ಸಂಖ್ಯೆಗೆ ಇರುವ ಹೆಸರೇ ನಮ್ಮಲ್ಲಿ ಕಣ್ಣಿನ ಅವಸ್ಥೆಗೂ ಅದರ ಪರಿಹಾರಕ್ಕೂ ಹೆಸರಾಯಿತು. ಒಂದೇ ಶಬ್ದದಲ್ಲಿ ವಯಸ್ಸು, ರೋಗಲಕ್ಷಣ, ಔಷಧ ಮೂರೂ ಅಡಗಿರುವ ಇಂಥ ಮಾತು ವೈದ್ಯಗ್ರಂಥಗಳಲ್ಲಿಯೂ ಅಪರೂಪವೆಂದೇ ನನ್ನ ಭಾವನೆ.

ಆದರೆ ನಾನು ಕನ್ನಡಕವನ್ನು ಮೊದಲು ಅರ್ಥಮಾಡಿಕೊಂಡದ್ದು ನನ್ನ ಕಣ್ಣಿನಿಂದಲ್ಲ, ನನ್ನ ಅಕ್ಕನ ಕಣ್ಣಿನಿಂದ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. 1957ರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಳು. ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದು ಚೆನ್ನಾಗಿ ಓದುತ್ತಿದ್ದಳು. ಬೋರ್ಡಿನ ಮೇಲೆ ಬರೆದುದನ್ನು ಮಾತ್ರ ಬರೆದುಕೊಳ್ಳುತ್ತಿರಲಿಲ್ಲ. ಓದಲು ಬರುವ ಹುಡುಗಿ ಬರೆದುಕೊಳ್ಳುವುದಿಲ್ಲವೆಂದರೆ ಅದು ಸೋಮಾರಿತನವಲ್ಲದೆ ಮತ್ತೇನು? ಮೇಷ್ಟ್ರು ಹಾಗೆಯೇ ತೀರ್ಮಾನಿಸಿದರು. ಬೆಂಚಿನ ಮೇಲೆ ನಿಲ್ಲಿಸಿದರು. ಕಡೆಗೆ 'ಈ ಹುಡುಗಿಗೆ ವಿದ್ಯೆ ಹತ್ತುವುದಿಲ್ಲ' ಎಂದು ನಮ್ಮ ತಂದೆಯವರಿಗೆ ಹೇಳಿ ಕಳುಹಿಸಿದರು. ಮರುವರ್ಷ ಅಕ್ಕ ಶಾಲೆ ಬಿಟ್ಟಳು. ಮನೆಯಲ್ಲಿಯೋ ಅವಳ ಕಣ್ಣಿಗೆ ಬೇರೆಯೇ ಖ್ಯಾತಿ. ಅಕ್ಕಿಯಲ್ಲಿ ಕಲ್ಲು ಆರಿಸಬೇಕಾದರೆ, ಅಜ್ಜಿಯ ಸೂಜಿಗೆ ದಾರ ಪೋಣಿಸಬೇಕಾದರೆ ಎಲ್ಲರೂ ಅವಳನ್ನೇ ಕರೆಯುವರು. 'ಹದ್ದಿನ ಕಣ್ಣು ಇವಳದು' ಎಂದು ಅಜ್ಜಿ ಹೊಗಳುವಳು. ಬೀದಿಯಲ್ಲಿ ಎದುರು ಬಂದ ಹಿರಿಯರನ್ನು ಮಾತನಾಡಿಸದೆ ಹೋಗುತ್ತಾಳೆಂದು ಮಾತ್ರ ದೂರು ಬರುತ್ತಿತ್ತು. ಜಂಬದವಳೆಂದು ಹೆಸರಾಯಿತು. ನಾನೂ ಬಾವಿಯ ದಾರಿಯಲ್ಲಿ ಹತ್ತು ಮಾರು ದೂರದಲ್ಲಿ ಸುಮ್ಮನೆ ನಿಂತು, ಅವಳು ನನ್ನನ್ನು ಗುರುತಿಸದೆ ಮುಂದೆ ಹೋದಾಗ ಕೈತಟ್ಟಿ ನಗುತ್ತಿದ್ದೆ.

ಹದ್ದಿನ ಕಣ್ಣೂ ಕುರುಡುಗಣ್ಣೂ ಒಂದೇ ಮುಖದಲ್ಲಿರುವುದು ಹೇಗೆ? ಇದನ್ನು ತಿಳಿಯಬೇಕಾದರೆ ಕಣ್ಣಿನ ರಚನೆಯನ್ನು ಸ್ವಲ್ಪ ನೋಡಬೇಕು.

ನಮ್ಮ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುವ ಒಂದು ಗೋಳ. ಮುಂದುಗಡೆ ಪಾರದರ್ಶಕವಾದ ಪೊರೆ, ಅದೇ ಕಾರ್ನಿಯಾ. ಅದರ ಹಿಂದೆ ಮಸೂರ. ಹಿಂಗೋಡೆಯ ಮೇಲೆ ಬೆಳಕನ್ನು ಗ್ರಹಿಸುವ ಅಕ್ಷಿಪಟ. ಹೊರಗಿನ ಬೆಳಕು ಕಾರ್ನಿಯಾದಲ್ಲಿಯೂ ಮಸೂರದಲ್ಲಿಯೂ ಬಾಗಿ, ಅಕ್ಷಿಪಟದ ಮೇಲೆ ಒಂದು ಬಿಂದುವಿನಲ್ಲಿ ಕೂಡಬೇಕು. ಕೂಡಿದರೆ ನೋಟ ಸ್ಪಷ್ಟ. ಗೋಳ ಒಂದೆರಡು ಮಿಲಿಮೀಟರ್ ಉದ್ದವಾಗಿ ಬೆಳೆದರೆ ದೂರದಿಂದ ಬಂದ ಕಿರಣಗಳು ಅಕ್ಷಿಪಟವನ್ನು ಮುಟ್ಟುವ ಮೊದಲೇ ಕೂಡಿ ಮತ್ತೆ ಚದರಿಬಿಡುತ್ತವೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಇದು ಸಮೀಪದೃಷ್ಟಿ. ಗೋಳ ಗಿಡ್ಡವಾದರೆ ಕಿರಣಗಳು ಕೂಡುವ ಮೊದಲೇ ಅಕ್ಷಿಪಟ ಅಡ್ಡ ಬರುತ್ತದೆ, ಇದು ದೂರದೃಷ್ಟಿ. ಕನ್ನಡದಲ್ಲಿ ದೂರದೃಷ್ಟಿ ಎಂದರೆ ವಿವೇಕವೆಂದೂ ಅರ್ಥವಾಗುವುದರಿಂದ ಈ ಹೆಸರು ರೋಗಿಯನ್ನು ಹೊಗಳಿದಂತೆ ಕೇಳಿಸುತ್ತದೆ. ಇನ್ನು ಮೂರನೆಯದು ಅಸಮದೃಷ್ಟಿ. ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ಕಡೆಗೂ ಒಂದೇ ಸಮನಾಗಿ ಬಾಗಿರದೆ, ಚಮಚದ ಬೆನ್ನಿನಂತೆ ಉದ್ದಕ್ಕೊಂದು ಬಾಗು, ಅಡ್ಡಕ್ಕೊಂದು ಬಾಗು ಆಗಿದ್ದರೆ, ಚುಕ್ಕಿಯಾಗಿ ಕಾಣಬೇಕಾದದ್ದು ಗೆರೆಯಾಗಿ ಕಾಣುತ್ತದೆ. ನಾಲ್ಕನೆಯದೇ ಚಾಳೀಸು. ಎಳೆಯ ಕಣ್ಣಿನ ಮಸೂರ ಮೆತುವಾಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿ ದಪ್ಪವಾಗುತ್ತದೆ. ವಯಸ್ಸಾದಂತೆ ಅದು ಬಿರುಸಾಗಿ, ನಲವತ್ತರ ಆಚೀಚೆ ಅಕ್ಷರದ ದೂರಕ್ಕೆ ಉಬ್ಬಲಾರದೆ ಹೋಗುತ್ತದೆ. ಇದು ರೋಗವಲ್ಲ, ನರೆಗೂದಲಿನಂತೆ ವಯಸ್ಸಿನ ಗುರುತು.

ಈ ನಾಲ್ಕಕ್ಕೂ ಪರಿಹಾರ ಮಸೂರವೇ. ಮಸೂರವೆಂಬುದು ಸಂಸ್ಕೃತದಲ್ಲಿ ನಮ್ಮ ಚನ್ನಂಗಿ ಬೇಳೆಯ ಹೆಸರು. ಯುರೋಪಿನವರು ಇದಕ್ಕೆ ಇಟ್ಟ ಹೆಸರೂ ಲ್ಯಾಟಿನ್ ಭಾಷೆಯಲ್ಲಿ ಅದೇ ಬೇಳೆಯದೇ. ನಡು ಉಬ್ಬಿ ಅಂಚು ತೆಳುವಾದ ಪೀನ ಮಸೂರ ಕಿರಣಗಳನ್ನು ಬೇಗ ಕೂಡಿಸುತ್ತದೆ. ಚಾಳೀಸಿಗೂ ದೂರದೃಷ್ಟಿಗೂ ಅದು ಬೇಕು. ನಡು ತಗ್ಗಿ ಅಂಚು ದಪ್ಪವಾದ ನಿಮ್ನ ಮಸೂರ ಕಿರಣಗಳನ್ನು ಹರಡಿ ಅವು ಕೂಡುವುದನ್ನು ತಡಮಾಡಿಸುತ್ತದೆ, ಸಮೀಪದೃಷ್ಟಿಗೆ ಅದು. ಅಸಮದೃಷ್ಟಿಗೆ ಒಂದು ದಿಕ್ಕಿನಲ್ಲಿ ಮಾತ್ರ ಬಾಗಿದ ಗಾಜು. ಹೇಳುವುದಕ್ಕೆ ಇಷ್ಟೆ, ಇದನ್ನು ಕಂಡುಕೊಳ್ಳುವುದಕ್ಕೆ ಮನುಷ್ಯನಿಗೆ ಆರು ಶತಮಾನಗಳೇ ಬೇಕಾದವು.

ನೋಟವೆಂಬುದು ಕಣ್ಣಿನಿಂದ ಹೊರಟ ಕಿರಣ ವಸ್ತುವನ್ನು ಮುಟ್ಟುವುದರಿಂದ ಉಂಟಾಗುತ್ತದೆಂದು ಪ್ರಾಚೀನರಲ್ಲಿ ಹಲವರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಹೊಗುತ್ತದೆ ಎಂದು ಪ್ರಯೋಗಗಳ ಬೆಂಬಲದಿಂದ ವಾದಿಸಿದವನು ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಕೈರೋದಲ್ಲಿದ್ದ ಅರಬ್ಬೀ ವಿದ್ವಾಂಸ ಇಬ್ನ್ ಅಲ್ ಹೈತಮ್. ಅವನ ಗ್ರಂಥ ಲ್ಯಾಟಿನ್ನಿಗೆ ಬಂದು ಯುರೋಪಿನ ಮಠಗಳಲ್ಲಿ ಓದಲ್ಪಟ್ಟಿತು. 1267ರಲ್ಲಿ ಇಂಗ್ಲೆಂಡಿನ ರೋಜರ್ ಬೇಕನ್, ಗಾಜಿನ ಗೋಳದ ಒಂದು ತುಂಡನ್ನು ಅಕ್ಷರಗಳ ಮೇಲಿಟ್ಟರೆ ಅವು ದೊಡ್ಡದಾಗಿ ಕಾಣುವುದರಿಂದ ಮುದುಕರಿಗೆ ಉಪಕಾರವಾಗುವುದೆಂದು ಬರೆದ. ಆದರೆ ಅದು ಪುಸ್ತಕದ ಮೇಲಿಡುವ ಗಾಜು. ಕಣ್ಣಿನ ಮುಂದಿಡುವ ಗಾಜಲ್ಲ.

ಗಾಜು ಪುಸ್ತಕದಿಂದ ಮೂಗಿಗೆ ಏರಿದ್ದು ಇಟಲಿಯಲ್ಲಿ, ಸುಮಾರು 1286ರಲ್ಲಿ. ಇದು ತಿಳಿದದ್ದೂ ಆಕಸ್ಮಿಕವಾಗಿಯೇ. 1306ರಲ್ಲಿ ಜೊರ್ದಾನೋ ಎಂಬ ಪೀಸಾ ನಗರದ ಪಾದ್ರಿ ಫ್ಲಾರೆನ್ಸಿನಲ್ಲಿ ಉಪದೇಶ ಮಾಡುತ್ತ, ಕನ್ನಡಕ ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲ, ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿದ್ದೇನೆ ಎಂದ. ಹೆಸರು ಮಾತ್ರ ಹೇಳಲಿಲ್ಲ. ಅದೇ ಪೀಸಾದ ಮಠದ ದಾಖಲೆಯೊಂದು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಮೊದಲು ಕನ್ನಡಕ ಮಾಡಿದವನು ಅದರ ಗುಟ್ಟನ್ನು ಯಾರಿಗೂ ಹೇಳಲೊಲ್ಲನಾಗಿದ್ದ. ಮಠದ ಸನ್ಯಾಸಿ ಅಲೆಸ್ಸಾಂದ್ರೊ ದೆಲ್ಲಾ ಸ್ಪೀನಾ ತಾನೇ ನೋಡಿ ಕಲಿತು, ಸಂತೋಷದಿಂದ ಎಲ್ಲರಿಗೂ ಹಂಚಿದ. ಈತ ತೀರಿಕೊಂಡದ್ದು 1313ರಲ್ಲಿ. ಗುಟ್ಟನ್ನು ಬಚ್ಚಿಟ್ಟವನ ಹೆಸರು ಅಳಿಸಿಹೋಯಿತು. ಹಂಚಿದವನ ಹೆಸರು ಉಳಿಯಿತು. ಚರಿತ್ರೆ ಯಾವಾಗಲೂ ಇಷ್ಟು ನ್ಯಾಯವಾಗಿ ನಡೆದುಕೊಳ್ಳುವುದಿಲ್ಲ.

ಆ ಕಾಲಕ್ಕಾಗಲೇ ವೆನಿಸ್ಸಿನ ಗಾಜಿನ ಕಸುಬಿನವರು ಸಾಮಾನ್ಯ ಗಾಜನ್ನು ಸ್ಫಟಿಕವೆಂದು ಮಾರಕೂಡದೆಂಬ ಕಟ್ಟಳೆ ಮಾಡಿಕೊಂಡಿದ್ದರು. ಕನ್ನಡಕ ಪಂಡಿತನ ಲಾಂಛನವಾಯಿತು. 1352ರಲ್ಲಿ ತೊಮ್ಮಾಸೊ ದಾ ಮೊದೆನಾ ಎಂಬ ಚಿತ್ರಕಾರ ತ್ರೆವೀಸೊ ಊರಿನ ಮಠದ ಗೋಡೆಯ ಮೇಲೆ ಹ್ಯೂ ಎಂಬ ಧರ್ಮಗುರು ಕನ್ನಡಕ ಧರಿಸಿ ಬರೆಯುತ್ತಿರುವುದಾಗಿ ಚಿತ್ರಿಸಿದ. ಕನ್ನಡಕದ ಚಿತ್ರಗಳಲ್ಲಿ ನಮಗೆ ದೊರೆತಿರುವ ಅತಿ ಹಳೆಯದು ಅದು. ವಿನೋದವೆಂದರೆ ಆ ಗುರು ತೀರಿಕೊಂಡದ್ದು 1263ರಲ್ಲಿ, ಕನ್ನಡಕ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ!

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇವೆಲ್ಲ ಪೀನ ಮಸೂರಗಳು, ಮುದುಕರ ಓದಿಗೆ ನೆರವಾದವು. ದೂರ ಕಾಣದ ಎಳೆಯರಿಗೆ ಬೇಕಾದ ನಿಮ್ನ ಮಸೂರ ರೂಢಿಗೆ ಬಂದದ್ದು ಹದಿನೈದನೆಯ ಶತಮಾನದ ನಡುವಿನಲ್ಲಿ. 1462ರಲ್ಲಿ ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಲ್ಲಿದ್ದ ತನ್ನ ರಾಯಭಾರಿಗೆ ಪತ್ರ ಬರೆದು ಮೂರು ಡಜನ್ ಕನ್ನಡಕ ತರಿಸಿದ. ಅದರಲ್ಲಿ ಒಂದು ಡಜನ್ ದೂರ ನೋಡುವುದಕ್ಕೆಂದು ಸ್ಪಷ್ಟವಾಗಿ ಕೇಳಿದ್ದ. ಮುದುಕರ ಕನ್ನಡಕಕ್ಕೂ ಎಳೆಯರ ಕನ್ನಡಕಕ್ಕೂ ನಡುವೆ ಒಂದೂವರೆ ಶತಮಾನದಷ್ಟು ಅಂತರ. ಆ ಅಷ್ಟು ಕಾಲವೂ ಎಷ್ಟು ಅಕ್ಕಂದಿರು, ಎಷ್ಟು ತಮ್ಮಂದಿರು ಜಂಬದವರೆಂದೂ ದಡ್ಡರೆಂದೂ ಅನ್ನಿಸಿಕೊಂಡರೋ!

ನಮ್ಮ ನಾಡಿಗೆ ಕನ್ನಡಕ ಬಂದದ್ದು ಯಾವಾಗ? ಇದಕ್ಕೆ ಉತ್ತರ ಹಂಪೆಯ ಹಾದಿಯಲ್ಲಿದೆ. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾಗಿದ್ದ, ನ್ಯಾಯಾಮೃತದಂಥ ಮಹಾಗ್ರಂಥಗಳನ್ನು ಬರೆದ ವ್ಯಾಸರಾಯರ ಜೀವನವನ್ನು ಅವರ ಸಮಕಾಲೀನನಾದ ಸೋಮನಾಥ ಕವಿ ಸಂಸ್ಕೃತದಲ್ಲಿ ವ್ಯಾಸಯೋಗಿಚರಿತವೆಂಬ ಚಂಪುವಾಗಿ ಬರೆದಿದ್ದಾನೆ. 1926ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಈ ಕಾವ್ಯದಲ್ಲಿ ವೃದ್ಧರಾದ ಯತಿಗಳು ಕನ್ನಡಕದ ನೆರವಿನಿಂದ ಗ್ರಂಥವನ್ನು ಓದುತ್ತಿದ್ದರೆಂಬ ಮಾತು ಬರುತ್ತದೆ. ಕೃಷ್ಣದೇವರಾಯನ ಆಳ್ವಿಕೆ 1509ರಿಂದ 1529ರವರೆಗೆ. ಯತಿಗಳು ಬೃಂದಾವನಸ್ಥರಾದದ್ದು 1539ರಲ್ಲಿ. ಭಾರತದಲ್ಲಿ ಕನ್ನಡಕದ ಬಳಕೆಗೆ ದೊರೆತಿರುವ ಅತಿ ಹಳೆಯ ಉಲ್ಲೇಖಗಳಲ್ಲಿ ಇದೊಂದು. ಪುಣೆಯ ಭಂಡಾರಕರ ಸಂಶೋಧನಾಲಯದಲ್ಲಿದ್ದ ಪಿ. ಕೆ. ಗೋಡೆಯವರು ಇಂಥ ಉಲ್ಲೇಖಗಳನ್ನೆಲ್ಲ ಹುಡುಕಿ ಒಂದೆಡೆ ಕೂಡಿಸಿದರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೂ ವಿಜಯನಗರಕ್ಕೂ ವ್ಯಾಪಾರದ ನಂಟಿದ್ದುದರಿಂದ, ಕುದುರೆಗಳು ಬಂದ ದಾರಿಯಲ್ಲಿಯೇ ಕನ್ನಡಕವೂ ಬಂದಿರಬೇಕೆಂದು ಊಹಿಸುವುದು ಸಹಜ. ಇಲ್ಲ, ಅದು ನಮ್ಮಲ್ಲಿಯೇ ಹುಟ್ಟಿತೆಂದು ವಾದಿಸಿದವರೂ ಉಂಟು. ನನ್ನ ಮನಸ್ಸಿಗೆ ಹಿಡಿಸಿರುವುದು ಆ ವಾದವಲ್ಲ, ಆ ಚಿತ್ರ. ತುಂಗಭದ್ರೆಯ ದಡ, ಮುಂದೆ ತಾಳೆಗರಿಯ ಕಟ್ಟು, ವೃದ್ಧಯತಿಯ ಮೂಗಿನ ಮೇಲೆ ಎರಡು ಗಾಜು. ಸಾಗರದಾಚೆಯ ವಸ್ತುವೆಂದು ಮಡಿವಂತಿಕೆಯ ತಕರಾರು ಎದ್ದಿತೋ ಇಲ್ಲವೋ. ಎದ್ದಿದ್ದರೂ ಓದಿನ ಹಸಿವಿನ ಮುಂದೆ ಅದು ನಿಲ್ಲಲಿಲ್ಲವೆಂಬುದು ಸ್ಪಷ್ಟ.

ಅಷ್ಟು ಕಾಲ ಬಳಕೆಯಲ್ಲಿದ್ದರೂ ಕನ್ನಡಕ ಏಕೆ ಕೆಲಸಮಾಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ನೋಟದ ನೆಲೆ ಮಸೂರವೇ ಎಂದು ವೈದ್ಯರು ನಂಬಿದ್ದರು. 1604ರಲ್ಲಿ ಯೋಹಾನೆಸ್ ಕೆಪ್ಲರ್, ಬಿಂಬ ಮೂಡುವುದು ಅಕ್ಷಿಪಟದ ಮೇಲೆ, ಅದೂ ತಲೆಕೆಳಗಾಗಿ, ಎಂದು ತೋರಿಸಿಕೊಟ್ಟ. ಪೀನ, ನಿಮ್ನ ಮಸೂರಗಳು ಯಾರಿಗೆ ಏಕೆ ಹಿಡಿಸುತ್ತವೆಂಬುದನ್ನೂ ಅವನೇ ಬಿಡಿಸಿ ಹೇಳಿದ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡ ಈ ಮನುಷ್ಯನ ದೃಷ್ಟಿ ಎಳವೆಯಲ್ಲಿ ಸಿಡುಬಿನಿಂದ ಕೆಟ್ಟಿತ್ತು. 1623ರಲ್ಲಿ ಸ್ಪೇನಿನ ದಾಸಾ ದೆ ವಾಲ್ದೆಸ್ ಎಂಬಾತ ಮಸೂರಗಳನ್ನು ಅಂಶಗಳಲ್ಲಿ ಅಳೆದು ಕೊಳ್ಳುವ ಕ್ರಮವನ್ನು ಪುಸ್ತಕವಾಗಿ ಬರೆದ. ಕಿವಿಯ ಕಡೆಗೆ ಚಾಚುವ ಕಡ್ಡಿಗಳು ಬಂದದ್ದು ಸುಮಾರು 1730ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯವರೆಗೂ ಕನ್ನಡಕವನ್ನು ಕೈಯಲ್ಲಿ ಹಿಡಿಯಬೇಕಾಗಿತ್ತು, ಇಲ್ಲವೆ ಮೂಗಿಗೆ ಸಿಕ್ಕಿಸಿಕೊಳ್ಳಬೇಕಾಗಿತ್ತು. 1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎರಡು ಬಗೆಯ ಮಸೂರಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡಿರುವುದಾಗಿ ಮಿತ್ರನಿಗೆ ಬರೆದ. ಆಗ ಅವನು ಫ್ರಾನ್ಸಿನಲ್ಲಿದ್ದ. ಊಟದ ತಟ್ಟೆಯೂ ಕಾಣಬೇಕು, ಎದುರಿಗೆ ಕುಳಿತವರ ತುಟಿಯೂ ಕಾಣಬೇಕು. ತುಟಿ ಕಂಡರೆ ಅವರ ಫ್ರೆಂಚ್ ಮಾತು ಚೆನ್ನಾಗಿ ಅರ್ಥವಾಗುತ್ತದೆಂಬುದು ಅವನ ಅನುಭವ.

ಅಸಮದೃಷ್ಟಿಯನ್ನು ಕಂಡವರು ತಮ್ಮ ಕಣ್ಣಿನಲ್ಲಿಯೇ ಅದನ್ನು ಕಂಡರು. 1801ರಲ್ಲಿ ಥಾಮಸ್ ಯಂಗ್ ತನ್ನ ಕಣ್ಣಿನ ದೋಷವನ್ನು ಅಳೆದು ಪ್ರಕಟಿಸಿದ. ಜಾರ್ಜ್ ಏರಿ ಎಂಬ ಖಗೋಳಜ್ಞನಿಗೆ ಎಡಗಣ್ಣು ಓದಿಗೆ ಒದಗುತ್ತಿರಲಿಲ್ಲ. ಅವನು ರಟ್ಟಿನಲ್ಲಿ ಸೂಜಿಯಿಂದ ತೂತು ಚುಚ್ಚಿ, ಬೆಳಕಿನ ಚುಕ್ಕಿ ಯಾವ ದೂರದಲ್ಲಿ ಗೆರೆಯಾಗುತ್ತದೆಂಬುದನ್ನು ಗುರುತಿಸಿ, ಲೆಕ್ಕಹಾಕಿ, ಒಂದು ದಿಕ್ಕಿಗೆ ಬಾಗಿದ ಮಸೂರವನ್ನು ಮಾಡಿಸಿಕೊಂಡ. ಇದು ನಡೆದದ್ದು 1825ರ ಸುಮಾರಿಗೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇನೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಓದುವಾಗ ತಲೆನೋವು, ಕಣ್ಣುರಿ, ಅಕ್ಷರ ಕಲಸಿಹೋಗುವುದು ಎಂದು ದೂರಿಕೊಂಡು ಬರುವ ತರುಣರು ಯುರೋಪಿನ ವೈದ್ಯರಿಗೆ ದೊಡ್ಡ ಒಗಟಾಗಿದ್ದರು. ಪೀನ ಮಸೂರ ಮುದುಕರ ವಸ್ತು. ಎಳೆಯರಿಗೆ ಕೊಟ್ಟರೆ ಕಣ್ಣು ಕೆಡುತ್ತದೆಂಬ ಭಯ. ಆದ್ದರಿಂದ ಓದು ಬಿಡು, ಕಸುಬು ಬದಲಿಸು ಎಂದೇ ಸಲಹೆ ಕೊಡುತ್ತಿದ್ದರು. ಹಾಲೆಂಡಿನ ಯುಟ್ರೆಕ್ಟ್ ನಗರದ ಫ್ರಾನ್ಸಿಸ್ಕಸ್ ಡಾಂಡರ್ಸ್ ಈ ಒಗಟನ್ನು ಒಡೆದ. ಈ ತರುಣರ ಕಣ್ಣು ಹುಟ್ಟಿನಿಂದ ಗಿಡ್ಡ. ಮಸೂರವನ್ನು ಎಡೆಬಿಡದೆ ಉಬ್ಬಿಸಿ ಉಬ್ಬಿಸಿ ಅವರು ನೋಡುತ್ತಿದ್ದಾರೆ. ಆ ಶ್ರಮವೇ ತಲೆನೋವು. ತಕ್ಕ ಪೀನ ಮಸೂರ ಕೊಟ್ಟರೆ ಶ್ರಮ ತಪ್ಪುತ್ತದೆ ಎಂದು ತೋರಿಸಿದ. ದೂರದೃಷ್ಟಿಯೇ ಬೇರೆ, ಚಾಳೀಸೇ ಬೇರೆ ಎಂಬುದು ಅವನ 1864ರ ಗ್ರಂಥದಿಂದ ಖಚಿತವಾಯಿತು. ಅವನ ಸಹೋದ್ಯೋಗಿ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಫಲಕವನ್ನು ರಚಿಸಿದ. ಇಂದು ನಾವು ಒಂದು ಕಣ್ಣು ಮುಚ್ಚಿಕೊಂಡು ಓದುವ ಫಲಕದ ಮೂಲ ಅದೇ. 1872ರಲ್ಲಿ ಫ್ರಾನ್ಸಿನ ಮೊನೊಯೆ ಡಯಾಪ್ಟರ್ ಎಂಬ ಅಳತೆಯನ್ನು ಸೂಚಿಸಿದ. ನಾವು 'ನಂಬರು' ಎನ್ನುವುದು ಅದನ್ನೇ. ಒಂದು ಮೀಟರಿನಲ್ಲಿ ಕಿರಣಗಳನ್ನು ಕೂಡಿಸುವ ಮಸೂರಕ್ಕೆ ಒಂದು ನಂಬರು. ಅರ್ಧ ಮೀಟರಿನಲ್ಲಿ ಕೂಡಿಸುವುದಕ್ಕೆ ಎರಡು.

ಎಂದರೆ, ವಿದ್ಯೆ ಹತ್ತುವುದಿಲ್ಲವೆಂದು ನಮ್ಮ ಅಕ್ಕನನ್ನು ಮನೆಗೆ ಕಳುಹಿಸುವ ವೇಳೆಗೆ, ಓದು ಬಿಡಿಸುವುದು ಚಿಕಿತ್ಸೆಯಲ್ಲವೆಂದು ಜಗತ್ತಿಗೆ ತಿಳಿದು ತೊಂಬತ್ತು ವರ್ಷಗಳು ಕಳೆದಿದ್ದವು. ತಿಳಿವಳಿಕೆ ಯುಟ್ರೆಕ್ಟಿನಿಂದ ನಮ್ಮೂರ ಶಾಲೆಯ ಬಾಗಿಲಿಗೆ ಬಂದಿರಲಿಲ್ಲ, ಅಷ್ಟೆ. ಮೇಷ್ಟ್ರನ್ನು ನಾನು ದೂಷಿಸಲಾರೆ. ಬಾವಿಯ ದಾರಿಯಲ್ಲಿ ಕೈತಟ್ಟಿ ನಕ್ಕವನಿಗೆ ಆ ಅಧಿಕಾರವಿಲ್ಲ.

ಮುಂದಿನ ಕಥೆ ನಿಮಗೆ ತಿಳಿದದ್ದೇ. 1888ರಲ್ಲಿ ಅಡಾಲ್ಫ್ ಫಿಕ್ ಕಣ್ಣಿನ ಮೇಲೆಯೇ ಕೂರುವ ಗಾಜಿನ ಮಸೂರವನ್ನು ವರ್ಣಿಸಿದ. 1961ರಲ್ಲಿ ಝೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ಮಕ್ಕಳ ಆಟಿಕೆಯ ಜೋಡಣೆ ಸಾಮಾನಿನಿಂದ ಯಂತ್ರ ಮಾಡಿಕೊಂಡು ಮನೆಯಲ್ಲಿಯೇ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು ತಯಾರಿಸಿದ. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಲೇಸರ್ ಪ್ರಯೋಗಿಸಿ, ಸುತ್ತಲೂ ಸುಡದೆ ನಯವಾಗಿ ಕೊರೆಯಬಹುದೆಂದು ಕಂಡರು. ಕಾರ್ನಿಯಾವನ್ನೇ ಕೆತ್ತಿ ತಿದ್ದುವ ಲೇಸರ್ ಚಿಕಿತ್ಸೆಗೆ ಇದು ಬುನಾದಿ. ಇನ್ನು ತಡೆಯುವ ಮಾತು. ಮಕ್ಕಳು ಬಯಲ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆದರೆ ಸಮೀಪದೃಷ್ಟಿ ಬರುವುದು ಕಡಮೆಯಾಗುತ್ತದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮೂರು ವರ್ಷ, ದಿನಕ್ಕೆ ನಲವತ್ತು ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಹಾಗೆ ಬಿಡದ ಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಸಮೀಪದೃಷ್ಟಿ ಬಂದಿದ್ದರೆ, ಬಿಟ್ಟ ಮಕ್ಕಳಲ್ಲಿ ಸುಮಾರು ಮೂವತ್ತು ಮಂದಿಗೆ ಬಂದಿತ್ತು.

ಆದರೂ ಏಳು ನೂರು ವರ್ಷಗಳ ಹಿಂದಿನ ಆ ಸರಳ ವಸ್ತು ಇನ್ನೂ ಎಲ್ಲರಿಗೂ ತಲಪಿಲ್ಲ. ಚಾಳೀಸಿಗೆ ತಕ್ಕ ಕನ್ನಡಕವಿಲ್ಲದವರು 82 ಕೋಟಿಗೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಕನ್ನಡಕ ಕೊಟ್ಟು ನಡೆಸಿದ ಒಂದು ಪರೀಕ್ಷೆಯ ಫಲ 2018ರಲ್ಲಿ ಹೊರಬಂತು. ಕನ್ನಡಕ ಪಡೆದವರ ಎಲೆ ಕೊಯ್ಲು, ಪಡೆಯದವರಿಗಿಂತ ನೂರಕ್ಕೆ ಸುಮಾರು 22ರಷ್ಟು ಮೇಲಾಗಿತ್ತು. ಅಷ್ಟು ದಿನವೂ ಅವರ ಕೈ ನಿಧಾನವಾಯಿತೆಂದು ಎಣಿಸಿದವರು ಎಷ್ಟು ಮಂದಿಯೋ, ನಿಧಾನವಾದದ್ದು ಕಣ್ಣು.

ಅಕ್ಕನಿಗೆ ಕನ್ನಡಕ ಬಂದದ್ದು 1979ರಲ್ಲಿ, ಅವಳ ಮೂವತ್ತೊಂದನೆಯ ವಯಸ್ಸಿನಲ್ಲಿ, ಒಂದು ನೇತ್ರ ತಪಾಸಣೆಯ ಶಿಬಿರದಲ್ಲಿ. ನಂಬರು ಆರು, ನಿಮ್ನ ಮಸೂರ. ಲೆಕ್ಕ ಹಾಕಿದರೆ ಅವಳ ಸ್ಪಷ್ಟವಾದ ಜಗತ್ತು ಕಣ್ಣಿನಿಂದ ಹದಿನೇಳು ಸೆಂಟಿಮೀಟರಿಗೆ, ಒಂದು ಗೇಣಿಗೂ ಮೊದಲೇ, ಮುಗಿಯುತ್ತಿತ್ತು. ಬೀದಿಯ ಹುಡುಗರು ಸೋಡಾಬುಡ್ಡಿ ಎಂದರು; ಅವಳು ಲಕ್ಷ್ಯಕ್ಕೆ ತರಲಿಲ್ಲ. ಮರುವಾರ ಅವಳನ್ನು ನಂಜನಗೂಡಿಗೆ ಕರೆದುಕೊಂಡು ಹೋದೆ. ಪ್ರತಿ ವರ್ಷ ಜಾತ್ರೆಗೆ ಹೋಗಿ ಅವಳು ಕೈಮುಗಿದಿದ್ದ ಗೋಪುರ ಅದು. ಗುಡಿಯ ಮುಂದೆ ನಿಂತವಳು ಕದಲಲಿಲ್ಲ.

'ಏನೋ ಇದು, ಇಷ್ಟೊಂದು ಬೊಂಬೆಗಳಿವೆಯಲ್ಲೋ! ಯಾವಾಗ ಮಾಡಿಸಿದರು?' ಎಂದಳು.

'ಮೊದಲಿನಿಂದಲೂ ಇವೆಯಲ್ಲ ಅಕ್ಕ' ಎಂದೆ.

ಅವಳು ಒಂದೊಂದೇ ಅಂತಸ್ತನ್ನು ಮೇಲಿನವರೆಗೂ ನೋಡಿದಳು. ಆಮೇಲೆ, ಬಹಳ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು:

'ಹಾಗಾದರೆ ಮೇಷ್ಟ್ರು ಬೋರ್ಡಿನ ಮೇಲೆ ನಿಜವಾಗಿಯೂ ಏನೋ ಬರೆಯುತ್ತಿದ್ದರು ಅನ್ನು.'